ನಾಳೆ ಬರ್ತೀನ್ರಿ ಎಂದು ಹೋದವರ ರಿಟರ್ನ್

ಪ್ರಶ್ನೆ: ವಿಜಯಪುರದಾಗ ನಂದೊಂದು ಸಣ್ಣ ಟ್ಯಾಕ್ಸ್ ಆಫೀಸ್ ಐತ್ರಿ. ಸಾಲಿ ಮಾಸ್ತರ್ರು, ಅಡತಿ ಅಂಗಡಿಯವರು, ದ್ರಾಕ್ಷಿ ತ್ವಾಟದ ಜೋಡಿ ಗೊಬ್ಬರದ ಅಂಗಡಿ ಇಟ್ಟವರು ಎಲ್ಲಾ ಕೂಡಿ ಇನ್ನೂರರ ಮ್ಯಾಲ ಗಿರಾಕಿ ಅದಾರ. ಜುಲೈದಾಗ ದಿನಾ ಗೊತ್ತು ಮಾಡಿ ಕರದ್ರ ಅರ್ಧಾ ಮಂದಿ ಬರೂದಿಲ್ಲ. ಕಡೀ ಎರಡು ದಿನಾ ಎಲ್ಲಾರೂ ಒಮ್ಮೆಲೇ ಬಂದು ನಿಂದರತಾರ. ಒಬ್ಬರು ರಿಟರ್ನ್ ಹಾಕಿದ ಮ್ಯಾಲ ಓಟಿಪಿ ಕೊಡಲಿಲ್ಲ, ಫೋನೂ ಎತ್ತಲಿಲ್ಲ. ಇನ್ನೊಬ್ಬರು ತಡಾ ಮಾಡಿದ್ದಕ್ಕ ಶೇರಿನ ಲುಕ್ಸಾನು ಮುಂದಿನ ವರ್ಷಕ್ಕ ಹೋಗಲಿಲ್ಲ, ಬೈಗಳಾ ನನಗ. ಬರದವರಿಗೆ ದಂಡ ಹಾಕಬೇಕ್ರೀ? ಎಐಎಸ್ (ಇಲಾಖೆ ಪೋರ್ಟಲ್ಲಿನಾಗ ಕಾಣೋ ವರ್ಷದ ವಹಿವಾಟಿನ ಪಟ್ಟಿ) ನೋಡಿ ನಾನೇ ಫೈಲ್ ಮಾಡಿಬಿಟ್ರ ನಡೀತದೇನ್ರಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಗೈರುಹಾಜರಿಗಳು ಕಲಸಿಕೊಂಡಿವೆ. ಕಾಗದ ಹೊಂದಿಸಿಕೊಳ್ಳಲಾಗದೆ ಬಾರದವರು ಒಂದು ಗುಂಪು. ಕಾಗದ ಕೊಟ್ಟು, ಕಟ್ಟಬೇಕಾದ ತೆರಿಗೆ ಎಷ್ಟೆಂದು ಕೇಳಿ, ಆಮೇಲೆ ತಲೆ ತಪ್ಪಿಸಿಕೊಂಡವರು ಇನ್ನೊಂದು. ರಿಟರ್ನ್ ಹೋಯಿತಲ್ಲ, ಇನ್ನೇನು ಎಂದು ಓಟಿಪಿ ಕೊಡದವರು ಮೂರನೆಯದು. ಮೂರಕ್ಕೂ ಮದ್ದು ಬೇರೆ. ದಂಡ ಇವುಗಳಲ್ಲಿ ಯಾವುದಕ್ಕೂ ಸರಿಹೋಗುವುದಿಲ್ಲ. ಬಾರದವನಿಂದ ದಂಡ ವಸೂಲಿ ಮಾಡಲು ಅವನು ಮೊದಲು ಬರಬೇಕಲ್ಲ!

ಮೊದಲ ಗುಂಪಿನ ಅರ್ಧಕ್ಕರ್ಧ ಗೈರುಹಾಜರಿ ನಮ್ಮ ಕಡೆಯಿಂದಲೇ ಹುಟ್ಟುತ್ತದೆ. ಸಂಬಳ ಕೊಡುವವರು, ಬ್ಯಾಂಕಿನವರು ಜನವರಿ–ಮಾರ್ಚ್ ತ್ರೈಮಾಸಿಕದ ಟಿಡಿಎಸ್ (ಮೂಲದಲ್ಲೇ ಹಿಡಿದ ತೆರಿಗೆ) ವಿವರ ಸಲ್ಲಿಸಲು ಮೇ 31ರವರೆಗೆ ಸಮಯವಿದೆ. ಫಾರ್ಮ್ 16 (ಸಂಬಳ ಮತ್ತು ಅದರಲ್ಲಿ ಹಿಡಿದ ತೆರಿಗೆಯ ಪ್ರಮಾಣಪತ್ರ) ಕೊಡಲು ಗಡುವು ಜೂನ್ 15. ಅಲ್ಲಿಯವರೆಗೆ 26ಎಎಸ್ (ಹೆಸರಿಗೆ ಜಮೆಯಾದ ತೆರಿಗೆಯ ಪಟ್ಟಿ), ಎಐಎಸ್ ಎರಡೂ ಅರೆಬರೆ. ಜೂನ್ ಮೊದಲ ವಾರದಲ್ಲಿ ಕರೆಸಿ, 'ಇನ್ನೂ ಟಿಡಿಎಸ್ ಕಾಣವಲ್ದು, ಮುಂದಿನ ವಾರ ಬರ್ರಿ' ಎಂದು ಇಂಡಿಯಿಂದಲೋ ಸಿಂದಗಿಯಿಂದಲೋ ಬಸ್ ಹಿಡಿದು ಬಂದವರನ್ನು ಒಮ್ಮೆ ವಾಪಸ್ ಕಳಿಸಿದರೆ, ಆ ಮನುಷ್ಯ ಎರಡನೇ ಸಲ ಬರುವುದು ಕಡೆಯ ದಿನವೇ. ಆದ್ದರಿಂದ ಸಂಬಳದವರನ್ನು ಜೂನ್ 20ರ ನಂತರವೇ ಕರೆಯಿರಿ. ಕರೆಯುವ ಮುನ್ನ ಅವರ ಎಐಎಸ್ ಇಳಿಸಿ ನೋಡಿ (ಪಿಡಿಎಫ್ ಪಾಸ್‌ವರ್ಡ್ ಸಣ್ಣ ಅಕ್ಷರದಲ್ಲಿ ಪ್ಯಾನ್, ಅದರ ಬೆನ್ನಿಗೇ ಎಂಟು ಅಂಕಿಯ ಜನ್ಮದಿನಾಂಕ). ಇದಕ್ಕೆ ಗಿರಾಕಿಯ ಒಪ್ಪಿಗೆ ಬೇಕು. ಅದನ್ನು ವರ್ಷದ ಮೊದಲಲ್ಲೇ ಬರೆಸಿಕೊಂಡಿಡಿ.

ಎಐಎಸ್ ಮುಂದಿಟ್ಟುಕೊಂಡರೆ ಬೇಕಾದ ಕಾಗದ ಹೆಸರು ಹಿಡಿದು ಕೇಳಬಹುದು. 'ಎಲ್ಲಾ ಕಾಗದ ತಗೊಂಡು ಬರ್ರಿ' ಎಂದರೆ ಯಾರೂ ಬರುವುದಿಲ್ಲ. ಎಲ್ಲಾ ಅಂದರೆ ಯಾವುದು ಎಂದು ತಿಳಿಯದೆ ಮುಂದೂಡುತ್ತಾರೆ. ಮಾಸ್ತರರಿಗೆ ಫಾರ್ಮ್ 16, ಕಡಿತಗಳಿರುವ ಹಳೆಯ ತೆರಿಗೆ ಪದ್ಧತಿ ಬೇಕೆಂದರೆ ಮನೆಸಾಲದ ಬಡ್ಡಿ ಪತ್ರ ಮತ್ತು ವಿಮೆ ರಸೀದಿ, ಇಷ್ಟೇ. ಶೇರಿನವರಿಗೆ ಬ್ರೋಕರ್ ಆ್ಯಪಿನಿಂದ ಇಳಿಸುವ ವರ್ಷದ ಲಾಭ–ನಷ್ಟ ಪಟ್ಟಿ. ಪ್ಲಾಟ್ ಮಾರಿದವರಿಗೆ ಮಾರಿದ ಪತ್ರದ ಜತೆಗೆ ಕೊಂಡಾಗಿನ ಪತ್ರ. ಬಾಗಲಕೋಟೆ ಕಡೆ ಮುಳುಗಡೆ ಪರಿಹಾರ ಪಡೆದವರಿದ್ದರೆ ಅವಾರ್ಡ್ (ಪರಿಹಾರದ ಆದೇಶ) ಪ್ರತಿಯಲ್ಲಿ ಬಡ್ಡಿಯ ಮೊತ್ತ ಬೇರೆಯಾಗಿ ತೋರಿಸಿದ ಪುಟ ಬೇಕೇ ಬೇಕು. ತಡವಾಗಿ ಬಂದ ಪರಿಹಾರದ ಮೇಲಿನ ಬಡ್ಡಿ ಕೈಗೆ ಬಂದ ವರ್ಷದ ಆದಾಯ, ಅದರಲ್ಲಿ ಅರ್ಧ ಕಡಿತ ಸಿಗುತ್ತದೆ. ಬಡ್ಡಿಗೆ ಟಿಡಿಎಸ್ ಹಿಡಿದಿದ್ದರೆ ರಿಫಂಡ್ ಬರುವ ಸಂಭವ ಹೆಚ್ಚು. ರಿಫಂಡ್ ಬರುವ ಮನುಷ್ಯನಿಗೆ ಅಂದಾಜು ಮೊತ್ತ ಹೇಳಿದರೆ ಅವನು ತಾನಾಗಿ ಬರುತ್ತಾನೆ.

ಇನ್ನೊಂದು ಕಾರಣ ಈಚಿನದು. 2025-26ರಿಂದ ಹೊಸ ಪದ್ಧತಿಯಲ್ಲಿ ₹12 ಲಕ್ಷದವರೆಗೆ ತೆರಿಗೆ ಇಲ್ಲ ಎಂಬ ಮಾತು ಊರೆಲ್ಲ ಹಬ್ಬಿದೆ. 'ಹಂಗಂದ್ರ ಫೈಲ್ ಯಾಕ್ ಮಾಡಬೇಕು' ಎಂದು ಸುಮ್ಮನಾದವರು ಬಹಳ. ಅದು ವಿನಾಯಿತಿ ಮಿತಿಯಲ್ಲ, 87ಎ ಕಲಮಿನ ರಿಯಾಯಿತಿ, ಅಂದರೆ ಲೆಕ್ಕ ಹಾಕಿದ ತೆರಿಗೆಯನ್ನು ಬಿಟ್ಟುಕೊಡುವುದು. ವಿನಾಯಿತಿ ಮಿತಿ ₹4 ಲಕ್ಷ. ಅದರ ಮೇಲೆ ಆದಾಯವಿದ್ದರೆ ತೆರಿಗೆ ಸೊನ್ನೆಯಾದರೂ ರಿಟರ್ನ್ ಸಲ್ಲಿಸಬೇಕು, ತಡವಾದರೆ ಶುಲ್ಕವೂ ಇದೆ. ಶೇರಿನ ಲಾಭದಂಥ ವಿಶೇಷ ದರದ ಆದಾಯಕ್ಕೆ ಈ ರಿಯಾಯಿತಿ ಸಿಗುವುದೇ ಇಲ್ಲ. ಈ ನಾಲ್ಕು ಸಾಲನ್ನು ದೊಡ್ಡಕ್ಷರದಲ್ಲಿ ಬರೆದು ಬಾಗಿಲಿಗೆ ಹಚ್ಚಿ, ವಾಟ್ಸ್ಆ್ಯಪ್‌ನಲ್ಲೂ ಕಳಿಸಿ.

ಸಮಯದ ಬಗ್ಗೆ. ಹಳ್ಳಿಯಿಂದ ಬರುವವರಿಗೆ '11.20ಕ್ಕೆ ಬನ್ನಿ' ಎನ್ನುವುದು ನಡೆಯದ ಮಾತು, ಬಸ್ ನಿಮ್ಮ ಡೈರಿ ನೋಡಿ ಹೊರಡುವುದಿಲ್ಲ. ಅವರಿಗೆ 'ಮುಂಜಾನೆ 11ರಿಂದ 1ರೊಳಗೆ' ಎಂದು ಎರಡು ತಾಸಿನ ಅವಕಾಶ ಕೊಡಿ. ಊರಿನವರಿಗೆ ನಿಖರ ಸಮಯ ಹೇಳಿ. ಫಾರ್ಮ್ 16 ಒಂದೇ ಇದ್ದರೆ 20 ನಿಮಿಷ ಸಾಕು, ಶೇರು ಅಥವಾ ಆಸ್ತಿ ಮಾರಾಟವಿದ್ದರೆ 45 ನಿಮಿಷ ಹಿಡಿಯಿರಿ. ಪಿಂಚಣಿ ಮತ್ತು ಎಫ್‌ಡಿ ಬಡ್ಡಿ ಮಾತ್ರ ಇರುವ ಹಿರಿಯರನ್ನು ಕರೆಸುವುದೇ ಬೇಡ, ಫೋನಿನಲ್ಲೇ ಮುಗಿಸಿ. ಅಡತಿಯವರಿಗೆ ಮಾರುಕಟ್ಟೆ ರಜೆಯ ದಿನ ಕೊಡಿ. ಲೆಕ್ಕಕ್ಕೆ ಸಾಹುಕಾರರಿಗಿಂತ ದಿವಾಣಜಿ ಬಂದರೇ ಕೆಲಸ ಬೇಗ ಆಗುತ್ತದೆ, ಸಹಿ–ಓಟಿಪಿಗೆ ಮಾತ್ರ ಸಾಹುಕಾರರು ಸಾಕು. ಪಂಚಾಂಗವನ್ನೂ ಮೇಜಿನ ಮೇಲಿಡಿ. 2025ರಲ್ಲಿ ನಾಗರ ಪಂಚಮಿ ಜುಲೈ 29ಕ್ಕೆ ಬಂದಿತ್ತು. ಆ ವರ್ಷ ಗಡುವು ಸೆಪ್ಟೆಂಬರಿಗೆ ಹೋದದ್ದು ನಮ್ಮ ಪುಣ್ಯ. ಪಂಚಮಿ ವಾರದಲ್ಲಿ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ, ಅಂಗಡಿಗಳಲ್ಲಿ ಗದ್ದಲ, ಆ ವಾರ ಕೊಟ್ಟ ದಿನಾಂಕ ಕೊಡದಂತೆಯೇ. ಮಳೆ ಚೆನ್ನಾಗಿ ಬಿದ್ದ ವಾರ ತೊಗರಿ ಬಿತ್ತುವವರನ್ನೂ ಕರೆಯಬೇಡಿ.

ನೆನಪಿಸುವುದು ಮೂರು ಸಲ: ಒಂದು ವಾರ ಮೊದಲು, ಹಿಂದಿನ ಸಂಜೆ, ಅದೇ ದಿನ ಮುಂಜಾನೆ. ಹಿಂದಿನ ಸಂಜೆಯದು ಮಾತ್ರ ಫೋನ್ ಕರೆಯಾಗಿರಲಿ, ಏಳರಿಂದ ಎಂಟರೊಳಗೆ. ಸಂದೇಶ ಹೀಗಿದ್ದರೆ ಸಾಕು: 'ನಮಸ್ಕಾರ ಸರ್ರ, ನಾಳೆ ಮಂಗಳವಾರ ಮುಂಜಾನೆ 11ಕ್ಕ ನಿಮ್ಮ ರಿಟರ್ನ್ ಕೆಲಸ ಐತ್ರಿ. ಫಾರ್ಮ್ 16 ಮತ್ತು ಆಧಾರಕ್ಕ ಜೋಡಿಸಿದ ಫೋನ್ ತರ್ರಿ. ಬರಾಕ ಆಗದಿದ್ರ ಇವತ್ತ ರಾತ್ರಿ 9ರೊಳಗ ಹೇಳ್ರಿ, ಬ್ಯಾರೆ ದಿನ ಕೊಡ್ತೀವಿ.' ಕಡೆಯ ವಾಕ್ಯವನ್ನು ಬಿಡಬೇಡಿ. ಬಾರದಿರುವ ಅರ್ಧ ಜನಕ್ಕೆ 'ಆಗೂದಿಲ್ಲ' ಎಂದು ಹೇಳಲು ಸಂಕೋಚ. ಹೇಳಲು ದಾರಿ ಕೊಟ್ಟರೆ ಹೇಳುತ್ತಾರೆ, ಖಾಲಿಯಾದ ಜಾಗಕ್ಕೆ ಇನ್ನೊಬ್ಬರನ್ನು ಕರೆಯಬಹುದು.

ಈಗ ಎರಡನೇ ಗುಂಪು, ಮೊತ್ತ ಕೇಳಿ ಮಾಯವಾಗುವವರು. ಇವರಿಗೆ 'ದಂಡ ಬೀಳುತ್ತದೆ' ಎಂದು ಹೆದರಿಸುವುದು ಬೇಡ, ರೂಪಾಯಿ ಲೆಕ್ಕ ಬರೆದು ಕಳಿಸಿ. ಒಬ್ಬರಿಗೆ ₹40,000 ತೆರಿಗೆ ಬಾಕಿ ಇದೆ, ಮುಂಗಡ ತೆರಿಗೆ ಕಟ್ಟಿಲ್ಲ, ಗಡುವು ಜುಲೈ 31 ಎಂದಿಟ್ಟುಕೊಳ್ಳಿ. ಜುಲೈಯಲ್ಲೇ ಕಟ್ಟಿ ಸಲ್ಲಿಸಿದರೆ 234ಬಿ (ಮುಂಗಡ ತೆರಿಗೆ ಕಟ್ಟದ್ದಕ್ಕೆ) ಅಡಿ ಏಪ್ರಿಲ್‌ನಿಂದ ನಾಲ್ಕು ತಿಂಗಳಿಗೆ ₹1,600 ಬಡ್ಡಿ. ಅಕ್ಟೋಬರ್ 10ಕ್ಕೆ ಬಂದರೆ 234ಬಿ ಏಳು ತಿಂಗಳಿಗೆ ₹2,800, ರಿಟರ್ನ್ ತಡವಾದದ್ದಕ್ಕೆ 234ಎ ಬಡ್ಡಿ ಮೂರು ತಿಂಗಳಿಗೆ ₹1,200 (ತಿಂಗಳಿನಲ್ಲಿ ಒಂದೇ ದಿನವಾದರೂ ಪೂರ್ತಿ ತಿಂಗಳ ಲೆಕ್ಕ), 234ಎಫ್ ತಡದ ಶುಲ್ಕ ₹5,000. ಒಟ್ಟು ₹9,000. 234ಸಿ (ಮುಂಗಡ ತೆರಿಗೆಯ ಕಂತು ತಪ್ಪಿದ್ದಕ್ಕೆ) ಬಡ್ಡಿ ಎರಡೂ ಕಡೆ ಒಂದೇ, ಅದನ್ನು ಬಿಟ್ಟಿದ್ದೇನೆ. ಅಂದರೆ ತಡ ಮಾಡಿದ್ದಕ್ಕೆ ₹7,400 ಹೆಚ್ಚು. ಒಟ್ಟು ಆದಾಯ ₹5 ಲಕ್ಷ ಮೀರದವರಿಗೆ ತಡದ ಶುಲ್ಕ ₹1,000 ಮಾತ್ರ, ಅವರಿಗೆ ಐದು ಸಾವಿರವೆಂದು ಹೇಳಿ ಹೆದರಿಸಬೇಡಿ. ಒಮ್ಮೆ ಸುಳ್ಳು ಗೊತ್ತಾದರೆ ಮುಂದಿನ ವರ್ಷ ನಿಮ್ಮ ಮಾತು ನಡೆಯುವುದಿಲ್ಲ.

ಇಲ್ಲಿ ಬಹಳ ಜನ ಬಿಟ್ಟುಬಿಡುವ ದಾರಿಯೊಂದಿದೆ. ರಿಟರ್ನ್ ತಯಾರಾಗದಿದ್ದರೂ ತೆರಿಗೆ ಕಟ್ಟಿಬಿಡಬಹುದು. ಪೋರ್ಟಲ್‌ನ ಇ-ಪೇ ಟ್ಯಾಕ್ಸ್‌ಗೆ ಲಾಗಿನ್ ಬೇಕಿಲ್ಲ. ಪ್ಯಾನ್, ಮೊಬೈಲ್ ಓಟಿಪಿ, ಸೆಲ್ಫ್ ಅಸೆಸ್‌ಮೆಂಟ್ ಎಂಬ 300 ಸಂಖ್ಯೆಯ ಆಯ್ಕೆ, ಅಷ್ಟೇ. ಗಿರಾಕಿ ಮನೆಯಲ್ಲೇ ಕುಳಿತು ಯುಪಿಐಯಿಂದ ಕಟ್ಟುತ್ತಾರೆ. ಗಡುವಿನೊಳಗೆ ಕಟ್ಟಿದ ಮೊತ್ತದ ಮೇಲೆ 234ಎ ಬಡ್ಡಿ ಹಾಕುವುದಿಲ್ಲ ಎಂದು ಸಿಬಿಡಿಟಿ (ಕೇಂದ್ರ ನೇರ ತೆರಿಗೆ ಮಂಡಳಿ) 2015ರ 2ನೇ ಸುತ್ತೋಲೆಯಲ್ಲಿ ಹೇಳಿದೆ. ತಪ್ಪಾಗುವುದು ಅಸೆಸ್‌ಮೆಂಟ್ ವರ್ಷ ಆರಿಸುವಲ್ಲಿ: 2025-26ರ ಆದಾಯಕ್ಕೆ 2026-27 ಆರಿಸಬೇಕು. ಆ ಪರದೆಯ ಚಿತ್ರ ತರಿಸಿಕೊಂಡು ನೋಡಿದ ಮೇಲೆಯೇ 'ಕಟ್ರಿ' ಎನ್ನಿ. ಒಮ್ಮೆ ಹಣ ಕಟ್ಟಿದ ಮನುಷ್ಯ ರಿಟರ್ನ್‌ಗೆ ಬಾರದೆ ಇರುವುದಿಲ್ಲ.

ಎಲ್ಲರ ಬೆನ್ನು ಹತ್ತಲು ನಿಮಗೆ ಕೈ ಸಾಲದು. ಆದ್ದರಿಂದ ಜುಲೈ 10ರ ಹೊತ್ತಿಗೆ ಬಾರದವರ ಪಟ್ಟಿಯನ್ನು, ಯಾರು ಎಷ್ಟು ಕಳೆದುಕೊಳ್ಳುತ್ತಾರೆ ಎಂಬುದರ ಮೇಲೆ ವಿಂಗಡಿಸಿ. ಮೊದಲ ಸಾಲಿನಲ್ಲಿ ಶೇರು, ಎಫ್ ಆ್ಯಂಡ್ ಓ (ಫ್ಯೂಚರ್ಸ್–ಆಪ್ಷನ್ಸ್ ವಹಿವಾಟು) ಅಥವಾ ವ್ಯಾಪಾರದಲ್ಲಿ ನಷ್ಟವಾದವರು ಬರಬೇಕು. ಗಡುವಿನೊಳಗೆ ಸಲ್ಲಿಸದಿದ್ದರೆ ಈ ನಷ್ಟ ಮುಂದಿನ ವರ್ಷಕ್ಕೆ ಹೋಗುವುದಿಲ್ಲ, ಎಷ್ಟು ಶುಲ್ಕ ಕಟ್ಟಿದರೂ ವಾಪಸ್ ಬಾರದು. ಮನೆ ಆಸ್ತಿಯ ನಷ್ಟಕ್ಕೆ ಈ ತೊಡಕಿಲ್ಲ. ಅದೇ ಸಾಲಿನಲ್ಲಿ ಹಳೆಯ ತೆರಿಗೆ ಪದ್ಧತಿ ಬೇಕಾದವರೂ ಇರಲಿ. ವ್ಯಾಪಾರದ ಆದಾಯ ಇದ್ದವರು ಅದಕ್ಕಾಗಿ ಗಡುವಿನೊಳಗೆ ಫಾರ್ಮ್ 10-ಐಇಎ ಹಾಕಬೇಕು. ಸಂಬಳದವರಿಗೆ ಆ ಫಾರ್ಮ್ ಬೇಡ, ಆದರೆ ರಿಟರ್ನ್ ಸಮಯಕ್ಕೆ ಹೋಗಬೇಕು. ತಪ್ಪಿದರೆ ಹೊಸ ಪದ್ಧತಿಯೇ ಗತಿ, ಮನೆಸಾಲ–ವಿಮೆಯ ಕಡಿತವೆಲ್ಲ ಹೋಯಿತು. ಇವರ ಮನೆಗೆ ಹುಡುಗನನ್ನು ಕಳಿಸಿದರೂ ತಪ್ಪಿಲ್ಲ. ನಿಮ್ಮ ಶೇರಿನ ಗಿರಾಕಿ ಈ ಸಾಲಿನಲ್ಲಿ ಮೊದಲಿರಬೇಕಿತ್ತು. ಅವರಿಗೆ 'ತಡವಾದರೆ ಇಷ್ಟು ನಷ್ಟ ಮುಂದಕ್ಕೆ ಹೋಗದು' ಎಂದು ಮೊತ್ತ ಬರೆದ ಒಂದು ಸಂದೇಶ ಜುಲೈಯಲ್ಲೇ ಹೋಗಿದ್ದರೆ ಬೈಗುಳಕ್ಕೆ ಅಲ್ಲಿಯೇ ಉತ್ತರ ಇರುತ್ತಿತ್ತು. ಸಾವಿರ ರೂಪಾಯಿ ಶುಲ್ಕದಲ್ಲಿ ಮುಗಿಯುವವರು ಪಟ್ಟಿಯ ಕೊನೆಗೆ.

(ಇಲ್ಲಿನ ಕಲಂ ಸಂಖ್ಯೆಗಳೆಲ್ಲ 1961ರ ಆದಾಯ ತೆರಿಗೆ ಕಾಯ್ದೆಯವು. 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ, ಅದರ ಸಂಖ್ಯೆಗಳು ಬೇರೆ. 2025-26ರ ಆದಾಯಕ್ಕೆ ಹಳೆಯ ಕಾಯ್ದೆಯೇ ಲೆಕ್ಕ. ಯಾವ ಫಾರ್ಮಿಗೆ ಆ ವರ್ಷ ಯಾವ ಗಡುವು ಎಂಬುದನ್ನು ಪ್ರತಿ ಸಲ ಪೋರ್ಟಲ್‌ನಲ್ಲೇ ನೋಡಿ, ಹಿಂದಿನ ವರ್ಷದ ನೆನಪಿನ ಮೇಲೆ ಬೋರ್ಡ್ ಬರೆಯಬೇಡಿ.)

ಎಐಎಸ್ ನೋಡಿ ನೀವೇ ಫೈಲ್ ಮಾಡುವ ಮಾತು: ಬೇಡ. ಎಐಎಸ್‌ನಲ್ಲಿರುವುದು ಮಾಹಿತಿ, ಆದಾಯವಲ್ಲ. ಪ್ಲಾಟ್ ಮಾರಿದ ಬೆಲೆ ಅಲ್ಲಿರುತ್ತದೆ, ಕೊಂಡ ಬೆಲೆ ಇರುವುದಿಲ್ಲ. ಜಂಟಿ ಎಫ್‌ಡಿಯ ಬಡ್ಡಿ ಮೊದಲ ಹೆಸರಿನವರ ಮೇಲೆಯೇ ಕೂತಿರುತ್ತದೆ. ದ್ರಾಕ್ಷಿ, ಕಬ್ಬಿನ ಕೃಷಿ ಆದಾಯ ಅಲ್ಲಿ ಕಾಣುವುದೇ ಇಲ್ಲ. ಅದು ತೆರಿಗೆಗೆ ಹೊರತಾದರೂ, ₹5,000 ದಾಟಿದರೆ ಮತ್ತು ಬೇರೆ ಆದಾಯ ವಿನಾಯಿತಿ ಮಿತಿಗಿಂತ ಹೆಚ್ಚಿದ್ದರೆ ತೆರಿಗೆ ದರದ ಲೆಕ್ಕಕ್ಕೆ ಸೇರುತ್ತದೆ. ₹5,000 ದಾಟಿದವರು ಐಟಿಆರ್-1 (ಎಲ್ಲಕ್ಕಿಂತ ಸರಳ ರಿಟರ್ನ್ ಫಾರ್ಮ್) ತುಂಬುವಂತೆಯೂ ಇಲ್ಲ. ನಿಮ್ಮಲ್ಲಿ ಮೂವರಲ್ಲಿ ಒಬ್ಬರಿಗಾದರೂ ಹೊಲ ಇದ್ದೇ ಇರುತ್ತದೆ, ಆದ್ದರಿಂದ ಇದು ಸಣ್ಣ ವಿಷಯವಲ್ಲ. ಇದೆಲ್ಲಕ್ಕಿಂತ ದೊಡ್ಡದು: ರಿಟರ್ನ್‌ನ ಕಡೆಯ ಘೋಷಣೆ ಗಿರಾಕಿಯದು, ನಿಮ್ಮದಲ್ಲ. ಕರಡು ತಯಾರಿಸಿ, ಲೆಕ್ಕದ ಹಾಳೆ ಕಳಿಸಿ, 'ಸರಿ ಐತಿ, ಹಾಕ್ರಿ' ಎಂಬ ಉತ್ತರ ಬರಹದಲ್ಲಿ ಬರುವವರೆಗೆ ನಿಲ್ಲಿಸಿ. ಜೇಸನ್ ಫೈಲ್ (ತುಂಬಿದ ರಿಟರ್ನ್‌ನ ಕಡತ) ನಿಮ್ಮ ಕಂಪ್ಯೂಟರಿನಲ್ಲೂ ಇರಲಿ.

ಮೂರನೇ ಗುಂಪು ಎಲ್ಲಕ್ಕಿಂತ ಅಪಾಯದ್ದು, ಏಕೆಂದರೆ ಕೆಲಸ ಮುಗಿದಂತೆ ಕಾಣುತ್ತದೆ. ಅಪ್‌ಲೋಡ್ ಆದ 30 ದಿನದೊಳಗೆ ಪರಿಶೀಲನೆ (ಓಟಿಪಿ ಕೊಟ್ಟು ರಿಟರ್ನ್ ತನ್ನದೆಂದು ದೃಢಪಡಿಸುವುದು) ಆಗಬೇಕು. ಅಷ್ಟರೊಳಗೆ ಆಯಿತೆಂದರೆ ಅಪ್‌ಲೋಡ್ ಮಾಡಿದ ದಿನವೇ ಸಲ್ಲಿಸಿದ ದಿನ. 31ನೇ ದಿನ ಆದರೆ ಪರಿಶೀಲಿಸಿದ ದಿನವೇ ಸಲ್ಲಿಸಿದ ದಿನವಾಗುತ್ತದೆ, ತಡದ ಶುಲ್ಕ, ನಷ್ಟ, ಹಳೆಯ ಪದ್ಧತಿ ಎಲ್ಲವೂ ಅದರ ಹಿಂದೆ ಬರುತ್ತವೆ. ಪರಿಶೀಲನೆಯೇ ಆಗದಿದ್ದರೆ ರಿಟರ್ನ್ ಅಸಿಂಧು. ನಮ್ಮ ಕಡೆ ಮುಖ್ಯ ತೊಡಕು ಓಟಿಪಿ ಯಾರ ಫೋನಿಗೆ ಹೋಗುತ್ತದೆ ಎಂಬುದು. ಆಧಾರಕ್ಕೆ ಪುಣೆಯಲ್ಲಿರುವ ಮಗನ ನಂಬರ್, ಅಥವಾ ಯಾವತ್ತೋ ಬಂದಾದ ಸಿಮ್. ಇದನ್ನು ಜುಲೈ 30ಕ್ಕಲ್ಲ, ಕಾಗದ ತೆಗೆದುಕೊಳ್ಳುವ ದಿನವೇ ಕೇಳಿ ಫೈಲಿನ ಮೇಲೆ ಬರೆಯಿರಿ. ಆಧಾರ್ ಓಟಿಪಿ 15 ನಿಮಿಷ ಮಾತ್ರ ಬಾಳುತ್ತದೆ, ಆದ್ದರಿಂದ ಗಿರಾಕಿ ಫೋನಿನಲ್ಲಿ ಇರುವಾಗಲೇ ಕಳಿಸಿ. ಆಧಾರ್ ನಂಬರ್ ಕೈಕೊಟ್ಟರೆ ಪೋರ್ಟಲ್‌ನಲ್ಲಿ ಮೊದಲೇ ದೃಢಪಡಿಸಿದ ಬ್ಯಾಂಕ್ ಖಾತೆ ಅಥವಾ ಡಿಮ್ಯಾಟ್ ಮೂಲಕ ಇವಿಸಿ (ಪರಿಶೀಲನೆಯ ಸಂಕೇತ) ಸಂಖ್ಯೆ ತರಿಸಬಹುದು, ಅದು 72 ತಾಸು ನಡೆಯುತ್ತದೆ. ನೆಟ್ ಬ್ಯಾಂಕಿಂಗ್ ಮೂಲಕವೂ ಆಗುತ್ತದೆ. ಯಾವುದೂ ಇಲ್ಲದಿದ್ದರೆ ಐಟಿಆರ್-ವಿ (ಪರಿಶೀಲನೆಯ ಹಾಳೆ) ಮುದ್ರಿಸಿ, ಸಹಿ ಮಾಡಿಸಿ ಬೆಂಗಳೂರಿನ ಸಿಪಿಸಿಗೆ (ರಿಟರ್ನ್ ಸಂಸ್ಕರಣಾ ಕೇಂದ್ರ, 560500) ಸ್ಪೀಡ್ ಪೋಸ್ಟ್ ಮಾಡಿ. 30 ದಿನದೊಳಗೆ ಅಲ್ಲಿಗೆ ಮುಟ್ಟಿರಬೇಕು, ಇಲ್ಲಿ ಪೋಸ್ಟ್ ಹಾಕಿದ ದಿನ ಲೆಕ್ಕಕ್ಕಿಲ್ಲ. ಅವಧಿ ದಾಟಿದ್ದರೆ ಪೋರ್ಟಲ್‌ನಲ್ಲೇ ವಿಳಂಬ ಮನ್ನಿಸುವ ಅರ್ಜಿ ಹಾಕಲು ಅವಕಾಶವಿದೆ. ಕಾರಣ ಬರೆಯಿರಿ, ಆದರೆ ಮನ್ನಣೆ ಸಿಕ್ಕೇ ಸಿಗುತ್ತದೆಂದು ಮಾತು ಕೊಡಬೇಡಿ.

ಈ ತಾಪತ್ರಯ ತಪ್ಪಿಸಲು ಗಿರಾಕಿಯ ಪ್ರೊಫೈಲಿನಲ್ಲಿ ತಮ್ಮದೇ ಮೊಬೈಲ್, ತಮ್ಮದೇ ಇ-ಮೇಲ್ ಹಾಕಿಡುವ ಸಲಹೆಗಾರರಿದ್ದಾರೆ. ಬಹಳ ಕೆಟ್ಟ ಅಭ್ಯಾಸ. ನೋಟಿಸ್ ನಿಮಗೆ ಬರುತ್ತದೆ, ಗಿರಾಕಿಗೆ ಗೊತ್ತಾಗುವುದಿಲ್ಲ, ಅವರು ಉತ್ತರ ಕೊಡದಿದ್ದರೆ ತಪ್ಪು ನಿಮ್ಮ ತಲೆಗೆ. ಪ್ರಾಥಮಿಕ ನಂಬರ್ ಅವರದೇ ಇರಲಿ, ಎರಡನೆಯ ನಂಬರ್ ಜಾಗದಲ್ಲಿ ನಿಮ್ಮದು ಹಾಕಿ.

ಹಣದ ವಿಷಯ. ಫೀ ಬಾಕಿಗಾಗಿ ಓಟಿಪಿ ಹಂತದಲ್ಲಿ ಹಗ್ಗ ಜಗ್ಗಬೇಡಿ, ಅಲ್ಲಿ ಕೆಟ್ಟರೆ ಇಬ್ಬರಿಗೂ ನಷ್ಟ. ಫೀ ಪೂರ್ತಿ ಅಪ್‌ಲೋಡಿಗೆ ಮೊದಲೇ ಬರಬೇಕು. ಬಾರದವರಿಗೆ ದಂಡ ಎನ್ನುವ ಬದಲು ಎರಡು ದರ ಇಡಿ: ಜುಲೈ 10ರೊಳಗೆ ಕಾಗದ ಕೊಟ್ಟವರಿಗೆ ಹೋದ ವರ್ಷದ ದರ, ಆಮೇಲೆ ಬಂದವರಿಗೆ ಅದರ ಒಂದೂವರೆ ಪಟ್ಟು. ಜೂನ್ ಮೊದಲ ವಾರವೇ ಬೋರ್ಡ್ ಹಾಕಿ, ಬೀಗರು ಬಂದರೂ ಸಡಿಲಿಸಬೇಡಿ. ಒಬ್ಬರಿಗೆ ಬಿಟ್ಟರೆ ಸಂಜೆಯೊಳಗೆ ಇಡೀ ಸ್ಟಾಫ್ ರೂಮಿಗೆ ಗೊತ್ತಾಗುತ್ತದೆ. ಹಿಂದೆ ಎರಡು ಸಲ ಕೈಕೊಟ್ಟವರಿಂದ ಮಾತ್ರ ದಿನಾಂಕ ಕೊಡುವಾಗಲೇ ₹300–₹500 ಮುಂಗಡ ತೆಗೆದುಕೊಳ್ಳಿ, ಫೀಯಲ್ಲಿ ಮುರಿದುಕೊಳ್ಳಿ. ನೀವು ಜಿಎಸ್‌ಟಿ ನೋಂದಾಯಿತರಾಗಿದ್ದರೆ ಸೇವೆಯ ಮುಂಗಡದ ಮೇಲೂ ತೆರಿಗೆ ಬರುತ್ತದೆ. ರಿಸೀಟ್ ವೋಚರ್ ಕೊಡಬೇಕು, ಹಣ ಮರಳಿಸಿದರೆ ರಿಫಂಡ್ ವೋಚರ್. ರಿಫಂಡಿನಲ್ಲಿ ಇಷ್ಟು ಪಾಲು ಎಂದು ಮಾತಾಡುವುದು ಸಿಎಗಳಿಗೆ ನಿಷಿದ್ಧ, ಉಳಿದವರಿಗೂ ಶೋಭೆಯಲ್ಲ. ದೊಡ್ಡ ರಿಫಂಡ್ ತೋರಿಸುವ ಆಸೆ ಅಲ್ಲಿಂದಲೇ ಹುಟ್ಟುವುದು.

ಜಿಎಸ್‌ಟಿ ಗಿರಾಕಿಗಳು ತಿಂಗಳು ತಿಂಗಳೂ ಬಾರದವರು. ಕರ್ನಾಟಕದಲ್ಲಿ 3ಬಿ (ಜಿಎಸ್‌ಟಿಯ ಸಾರಾಂಶ ರಿಟರ್ನ್) ಗಡುವು ತಿಂಗಳಿನವರಿಗೆ 20ನೇ ತಾರೀಖು, ತ್ರೈಮಾಸಿಕದವರಿಗೆ 22. ತಡವಾದರೆ ದಿನಕ್ಕೆ ₹50, ಶೂನ್ಯ ರಿಟರ್ನ್‌ಗೆ ₹20. ವ್ಯಾಪಾರವೇ ಇಲ್ಲದ ತಿಂಗಳಿಗೆ ಅವರನ್ನು ಕರೆಯುವ ಅಗತ್ಯವೂ ಇಲ್ಲ, ನೋಂದಾಯಿತ ಮೊಬೈಲಿನಿಂದ 14409ಕ್ಕೆ ಎಸ್ಎಂಎಸ್ ಮಾಡಿ ಶೂನ್ಯ 3ಬಿ ಸಲ್ಲಿಸಬಹುದು. ಸಿಮೆಂಟ್, ಹಾರ್ಡ್‌ವೇರ್ ಅಂಗಡಿಯವರಿಗೆ ಮಾತ್ರ ಒಂದು ಮಾತು ನೆನಪಿಸಿ: ಎರಡು ಅವಧಿ ಸತತ ತಪ್ಪಿದರೆ ಇ-ವೇ ಬಿಲ್ (ಸರಕು ಸಾಗಿಸಲು ಬೇಕಾದ ಚೀಟಿ) ಬಂದ್. ಲಾರಿ ನಿಂತಾಗ ಅವರೇ ಓಡಿ ಬರುತ್ತಾರೆ, ಅದಕ್ಕೆ ಮೊದಲೇ ಹೇಳಿದ್ದೆವೆಂಬ ದಾಖಲೆ ನಿಮ್ಮಲ್ಲಿರಲಿ.

ನೋಟಿಸಿಗೂ ಬಾರದವರಿದ್ದಾರೆ. ದೋಷಯುಕ್ತ ರಿಟರ್ನ್ ಎಂದು 139(9) ನೋಟಿಸ್ ಬಂದರೆ 15 ದಿನ, ರಿಟರ್ನ್ ಲೆಕ್ಕ ತಿದ್ದುವ 143(1)(ಎ) ಹೊಂದಾಣಿಕೆ ಪ್ರಸ್ತಾವಕ್ಕೆ 30 ದಿನ. ಮಾಹಿತಿ ಕೇಳುವ 142(1) ನೋಟಿಸಿಗೆ ಉತ್ತರಿಸದಿದ್ದರೆ ಅಧಿಕಾರಿ ತಮ್ಮ ತಿಳಿವಳಿಕೆಯಂತೆ 144ರ ಅಡಿ ತೆರಿಗೆ ನಿಗದಿ ಮಾಡಬಹುದು, ಪ್ರತಿ ತಪ್ಪಿಗೆ ₹10,000 ದಂಡವೂ ಆಗಬಹುದು. ನೋಟಿಸ್ ಕಂಡ ದಿನವೇ ಪ್ರತಿ ಕಳಿಸಿ, ಉತ್ತರದ ಕಡೆಯ ದಿನಾಂಕವನ್ನು ಮೊದಲ ಸಾಲಿನಲ್ಲಿ ಬರೆಯಿರಿ. ಗಿರಾಕಿ ಸಿಗದಿದ್ದರೆ ಪೋರ್ಟಲ್‌ನಲ್ಲಿ ಕಾಲಾವಕಾಶ ಕೇಳಿ, ಅದೂ ಗಡುವಿನೊಳಗೆ. ಮೂರು ಸಲ ಬರೆದರೂ ಉಲಿಯದಿದ್ದರೆ, ಈ ಪ್ರಕರಣದಲ್ಲಿ ಇನ್ನು ಮುಂದೆ ನೀವು ಪ್ರತಿನಿಧಿಯಲ್ಲ ಎಂದು ಸ್ಪೀಡ್ ಪೋಸ್ಟಿನಲ್ಲಿ ತಿಳಿಸಿ, ಮೂಲ ಕಾಗದಗಳನ್ನು ಸ್ವೀಕೃತಿ ಪಡೆದು ಮರಳಿಸಿ.

ಗಡುವು ಮುಗಿದ ಮರುದಿನ ಉಳಿದವರಿಗೆ ಒಂದೇ ಪತ್ರ ಸಾಕು. ಶುಲ್ಕದೊಂದಿಗೆ ಡಿಸೆಂಬರ್ 31ರವರೆಗೆ ಸಲ್ಲಿಸಬಹುದು. ಅದೂ ತಪ್ಪಿದರೆ ಅಸೆಸ್‌ಮೆಂಟ್ ವರ್ಷ ಮುಗಿದ ಮೇಲೆ 48 ತಿಂಗಳವರೆಗೆ ಐಟಿಆರ್-ಯು (ನವೀಕರಿಸಿದ ರಿಟರ್ನ್) ಉಂಟು, ಆದರೆ ತೆರಿಗೆ–ಬಡ್ಡಿಯ ಮೇಲೆ ವರ್ಷದಿಂದ ವರ್ಷಕ್ಕೆ 25, 50, 60, 70 ಶೇಕಡಾ ಹೆಚ್ಚುವರಿ, ರಿಫಂಡ್ ಕೇಳಲು ಅದು ಬಾರದು. ರಿಫಂಡ್ ಉಳಿದವರು ಅಸೆಸ್‌ಮೆಂಟ್ ವರ್ಷ ಮುಗಿದು ಐದು ವರ್ಷದೊಳಗೆ 119(2)(ಬಿ) ಅಡಿ ವಿಳಂಬ ಮನ್ನಿಸಲು ಅರ್ಜಿ ಹಾಕಬೇಕಾಗುತ್ತದೆ. ಪತ್ರದ ಪ್ರತಿ ಅವರ ಫೈಲಿನಲ್ಲಿಡಿ, ಡಿಸೆಂಬರ್ 10ಕ್ಕೆ ಇನ್ನೊಮ್ಮೆ ಫೋನ್ ಮಾಡಲು ಡೈರಿಯಲ್ಲಿ ಬರೆದುಕೊಳ್ಳಿ.